ಒಂದು ಇಂಚಿಗೆ ಎಂಟು ಸೂತು

ನಾಲ್ಕನೇ ತರಗತಿಯ ಮುಸರತಳಿಗೆ ಮೂರು ದಿನದಿಂದ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಹನ್ನೊಂದು ಗಂಟೆಯಾದರೆ ತಾನಾಗಿಯೇ ನಿಲ್ಲುತ್ತಿತ್ತು. ನಾಲ್ಕನೇ ದಿನ ತಾಯಿ ಹುಸೇನ್ ಬೀ ಮಗಳ ಚೀಲ ಬಿಚ್ಚಿ ನೋಡಿದಳು. ತಳದಲ್ಲಿ ಲೆಕ್ಕದ ಪರೀಕ್ಷೆಯ ಹಾಳೆಯೊಂದು ಮುದುಡಿ ಬಿದ್ದಿತ್ತು. ಇಪ್ಪತ್ತೈದಕ್ಕೆ ಮೂರು ಅಂಕ.

ಹಾಳೆ ಹಿಡಿದುಕೊಂಡು ಆಕೆ ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿದ್ದ ಗಂಡನ ಅಂಗಡಿಗೆ ಬಂದಳು. ಗಂಡ ಮಾಬುಸಾಬ್ ಪಂಪ್‌ಸೆಟ್ ಎಂಜಿನ್ ರಿಪೇರಿ ಮಾಡುವವನು. ಇಟ್ಟಿಗಿ ಊರಿನ ಗುರುಸಂಗಪ್ಪನ ಎಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದ. ಗುರುಸಂಗಪ್ಪ ಎದುರಿನ ಕಟ್ಟೆಯ ಮೇಲೆ ಕಾಯುತ್ತಿದ್ದ.

“ಮೂರು ಬಂದೈತಿ ನೋಡ್ರಿ. ಅದಕ್ಕ ಈ ಹೊಟ್ಟಿನೋವು,” ಎಂದಳು ಹುಸೇನ್ ಬೀ.

ಗಿರಾಕಿಯ ಮುಂದೆ ಈ ಮಾತು ಬಂದದ್ದು ಮಾಬುಸಾಬನಿಗೆ ಹಿಡಿಸಲಿಲ್ಲ. “ಆಕಿ ತಲಿಗೆ ಹತ್ತಂಗಿಲ್ಲ ಅಂದ್ರ ಬಿಡು. ನಾನೂ ಮೂರನೇ ಕ್ಲಾಸಿಗೇ ಬಿಟ್ಟೀನಿ. ನನ್ನ ಕೆಲಸ ನಿಂತೈತೇನು? ಈ ವರ್ಷ ಮುಗೀಲಿ, ಕೊಟ್ಟೂರಿಗೆ ನನ್ನ ತಂಗಿ ಹತ್ರ ಕಳಸೋಣ. ಹೊಲಿಗಿ ಕಲೀಲಿ.”

ಹುಸೇನ್ ಬೀ ವಾದಕ್ಕೆ ನಿಲ್ಲಲಿಲ್ಲ. ಅಲ್ಲಿಂದ ನೇರವಾಗಿ ಶಾಲೆಗೆ ನಡೆದಳು.

ಶಾಲೆ ಬಿಟ್ಟ ಮೇಲೆ ಅರ್ಚನಾ ಟೀಚರೇ ಅಂಗಡಿಗೆ ಬಂದರು. ಜೊತೆಗೆ ಹುಸೇನ್ ಬೀ, ಆಕೆಯ ಸೆರಗು ಹಿಡಿದುಕೊಂಡ ಮುಸರತ. ಮಾಬುಸಾಬ್ ಕೈ ಒರೆಸಿಕೊಂಡು ಎದ್ದು ನಿಂತ.

“ಬರ್ರಿ ಅಕ್ಕೋರ. ನಮ್ಮಾಕಿ ದಡ್ಡಿ ಅಂತ ಹೇಳಾಕ ಬಂದಿರೇನು?”

“ಅಲ್ರಿ, ತಪ್ಪು ನಂದೂ ಐತಿ ಅಂತ ಹೇಳಾಕ ಬಂದೀನಿ,” ಎಂದರು ಟೀಚರ್. “ಎರಡರಲ್ಲಿ ಒಂದು ಭಾಗ ದೊಡ್ಡದೋ, ಎಂಟರಲ್ಲಿ ಒಂದು ಭಾಗ ದೊಡ್ಡದೋ ಅಂತ ಕೇಳಿದ್ದೆ. ಎಂಟರದೇ ದೊಡ್ಡದು ಅಂತ ಬರದಾಳ. ಯಾಕ ಬರದಿ, ಅಬ್ಬಾಗ ಹೇಳು ಮುಸರತ.”

“ಎರಡಕ್ಕಿಂತ ಎಂಟು ದೊಡ್ಡದಲ್ಲಾ,” ಎಂದಳು ಹುಡುಗಿ ನೆಲ ನೋಡುತ್ತ.

ಗುರುಸಂಗಪ್ಪ ತಲೆಯಾಡಿಸಿದ. “ಹೌದಲ್ರಿ ಮತ್ತ. ಹುಡುಗಿ ಸರಿನೇ ಹೇಳ್ಯಾಳ.”

ಟೀಚರ್ ನಕ್ಕರು. “ನೋಡ್ರಿ, ದೊಡ್ಡವರೂ ಹಂಗ ಅಂತಾರ. ನಾನು ಮೊದಲನೇ ದಿನನೇ ಬೋರ್ಡಿನ ಮ್ಯಾಲ ಅಂಕಿ ಬರದುಬಿಟ್ಟೆ. ವಸ್ತು ತೋರಿಸಲಿಲ್ಲ.” ಹಾಗೆನ್ನುತ್ತ ನೆಲದ ಮೇಲಿದ್ದ, ನಟ್ಟು ಬಿಚ್ಚುವ ಒಂದು ಪಾನಾ ಎತ್ತಿಕೊಂಡರು. “ಮಾಬುಸಾಬ್ರ, ಇದು ಎಷ್ಟರದು?”

“ಅದು ಮೂರು ಸೂತಿಂದು.”

“ಸೂತು ಅಂದ್ರ?”

“ಒಂದು ಇಂಚಿಗೆ ಎಂಟು ಸೂತು ಬರ್ತಾವ್ರಿ. ಅದರಾಗ ಮೂರು.”

“ಇಲ್ಲಿ ಏನು ಕೆತ್ಯಾರ, ಓದ್ರಿ.”

ಮಾಬುಸಾಬ್ ಬೆಳಕಿಗೆ ಹಿಡಿದು ನೋಡಿದ. ಮೇಲೆ ಮೂರು, ನಡುವೆ ಗೆರೆ, ಕೆಳಗೆ ಎಂಟು. ಇಪ್ಪತ್ತು ವರ್ಷದಿಂದ ಆ ಗುರುತು ಅವನ ಕೈಯಲ್ಲೇ ಇತ್ತು. ಕೆಳಗಿನ ಎಂಟನ್ನು ಕಂಪನಿಯ ನಂಬರು ಅಂದುಕೊಂಡಿದ್ದ. ಈಗ ಹೆಬ್ಬೆರಳಿನಿಂದ ಆ ಎಂಟರ ಮೇಲಿನ ಎಣ್ಣೆ ಒರೆಸಿ ಮತ್ತೊಮ್ಮೆ ನೋಡಿದ.

“ಕೆಳಗಿಂದು ಎಷ್ಟು ಸಮ ಪಾಲು ಮಾಡ್ಯಾರ ಅನ್ನೋದು. ಮ್ಯಾಲಿಂದು ಎಷ್ಟು ಪಾಲು ತಗೊಂಡಾರ ಅನ್ನೋದು. ಇಷ್ಟೇ ಭಿನ್ನರಾಶಿ. ನೀವು ದಿನಾ ಮಾಡೋ ಲೆಕ್ಕ,” ಎಂದರು ಟೀಚರ್.

ಹುಸೇನ್ ಬೀ ಥಟ್ಟನೆ ಅಂದಳು, “ಹಂಗಾದ್ರ ನಮ್ಮಾಕಿಗೂ ಬರ್ತೈತ್ರಿ! ಅರ್ಧ ಕಿಲೋ ಸಕ್ಕರಿ, ಪಾವು ಕಿಲೋ ಬ್ಯಾಳಿ ತಾ ಅಂದ್ರ ತಪ್ಪದಂಗ ತರ್ತಾಳ. ಕಡಿಮಿ ತೂಗಿದ್ರ ಅಂಗಡಿಯವನ ಜೋಡಿ ಜಗಳಾಡ್ತಾಳ.”

“ಬಾಯಾಗ ಐತಿ, ಬರಹಕ್ಕ ಬಂದಿಲ್ಲ,” ಎಂದರು ಟೀಚರ್. ಹಳೆಯ ಪೇಪರಿನಿಂದ ಒಂದು ಉದ್ದ ಪಟ್ಟಿ ಹರಿದು ಮುಸರತಳ ಕೈಗೆ ಕೊಟ್ಟರು. “ಎರಡು ಪಾಲು ಮಾಡು.”

ಹುಡುಗಿ ಅವಸರದಲ್ಲಿ ಮಡಚಿದಳು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

“ಅಂಚಿಗೆ ಅಂಚು ಕೂಡಿಸು ಬೇಟಿ,” ಎಂದ ಮಾಬುಸಾಬ್. ತನಗೆ ತಿಳಿಯದಂತೆಯೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. “ಸಮ ಆಗಲಿಲ್ಲ ಅಂದ್ರ ಅದು ಅರ್ಧ ಅಲ್ಲ.”

ಒಂದು ಸಲ ಮಡಚಿದರೆ ಎರಡು ಪಾಲು. ಇನ್ನೊಂದು ಸಲಕ್ಕೆ ನಾಲ್ಕು. ಮತ್ತೊಂದಕ್ಕೆ ಎಂಟು. ಮಡಚಿದಷ್ಟೂ ಪಾಲು ಹೆಚ್ಚಾದವು, ಒಂದೊಂದು ಪಾಲೂ ಗಿಡ್ಡವಾಯಿತು. ಮುಸರತ ಪಟ್ಟಿ ಬಿಚ್ಚಿ ಗೆರೆಗಳ ಮೇಲೆ ಬೆರಳಾಡಿಸಿದಳು.

“ಎಂಟು ಮಂದಿಗೆ ಹಂಚಿದ್ರ ಒಬ್ಬೊಬ್ಬರಿಗೆ ಸಣ್ಣದು ಬರ್ತೈತಿ,” ಎಂದಳು ನಿಧಾನವಾಗಿ. ಆಮೇಲೆ ನಡುವಿನ ಗೆರೆಯವರೆಗೆ ಎಣಿಸಿದಳು. “ಅಬ್ಬಾ, ಇದು ಒಂದು ಇಂಚು ಅಂದ್ರ ಅರ್ಧಕ್ಕ ನಾಲ್ಕು ಸೂತು!”

“ಕಾಗದ ಮಡಚೋದು ಆಟ ಆತು,” ಎಂದ ಗುರುಸಂಗಪ್ಪ. “ಪರೀಕ್ಷಿದಾಗ ಮಡಚಾಕ ಬಿಡ್ತಾರೇನ್ರಿ ಅಕ್ಕೋರ?”

“ಹದಿನೈದು ದಿನ ಕೈಯಿಂದ ಮಡಚಿದ್ರ, ಆಮ್ಯಾಲ ಮನಸಿನಾಗ ಮಡಚತಾರ್ರಿ.”

ಅಷ್ಟರಲ್ಲಿ ಮುಸರತ ಇನ್ನೊಂದು ಪಾನಾ ಹಿಡಿದಿದ್ದಳು. ಅದರ ಮೇಲೆ 9/16 ಎಂದಿತ್ತು.

“ಅದು ನಾಲ್ಕೂವರಿ ಸೂತು,” ಎಂದ ಮಾಬುಸಾಬ್.

“ಇಲ್ಲಬ್ಬಾ, ಒಂಬತ್ತು ಬರದೈತಿ.”

ಕೆಲಸ ಕಲಿಸಿದ ಉಸ್ತಾದ ನಾಲ್ಕೂವರೆ ಎಂದು ಹೇಳಿಕೊಟ್ಟಿದ್ದ, ಯಾಕೆಂದು ಕೇಳದೆ ಮಾಬುಸಾಬ್ ಹಾಗೇ ಅನ್ನುತ್ತ ಬಂದಿದ್ದ. ಮುಸರತ ಪಟ್ಟಿಯನ್ನು ಇನ್ನೊಂದು ಸಲ ಮಡಚಿ ಬಿಚ್ಚಿದಳು. ಹದಿನಾರು ಪಾಲು. ಒಂಬತ್ತರವರೆಗೆ ಎಣಿಸಿ ಅಲ್ಲಿ ಉಗುರು ಒತ್ತಿದಳು.

“ಎರಡು ಸಣ್ಣವು ಕೂಡಿದ್ರ ಒಂದು ಸೂತು. ಎರಡು, ನಾಲ್ಕು, ಆರು, ಎಂಟು... ನಾಲ್ಕು ಸೂತಾತು. ಒಂದು ಸಣ್ಣದು ಉಳೀತು. ಅದು ಅರ್ಧ ಸೂತು. ನೀ ಹೇಳಿದ್ದೂ ಖರೆ ಅಬ್ಬಾ, ಪಾನಾ ಮ್ಯಾಲ ಬರದಿದ್ದೂ ಖರೆ!”

ಮಾಬುಸಾಬ್ ಆ ಪಾನಾವನ್ನು ತಿರುವಿ ಮುರುವಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಕೊಟ್ಟೂರಿನ ಮಾತು ಬ್ಯಾಡ. ಈಕಿ ಓದಲಿ,” ಎಂದ.

“ಶನಿವಾರ ಪಾನಾ, ಟೇಪು ತಗೊಂಡು ನಮ್ಮ ಕ್ಲಾಸಿಗೆ ಬರ್ರಿ,” ಎಂದರು ಟೀಚರ್.

“ನಾನೇನು ಪಾಠ ಮಾಡ್ಲಿ ಅಕ್ಕೋರ?” ಎಂದು ಸಂಕೋಚಪಟ್ಟ. ಆದರೆ ಶನಿವಾರ ಒಗೆದ ಅಂಗಿ ಹಾಕಿಕೊಂಡು ಹೋದ. ನಲವತ್ತು ಮಕ್ಕಳು ಟೇಪಿಗೆ ಮುಗಿಬಿದ್ದರು.

ಮುಂದಿನ ಪರೀಕ್ಷೆಯಲ್ಲಿ ಮುಸರತಳಿಗೆ ಹದಿನೇಳು ಬಂತು. ಅರ್ಧಕ್ಕೆ ಕಾಲು ಕೂಡಿಸುವ ಲೆಕ್ಕ ತಪ್ಪಿತ್ತು. ಮೇಲಿನ ಅಂಕಿಗಳನ್ನೂ ಕೆಳಗಿನ ಅಂಕಿಗಳನ್ನೂ ಸುಮ್ಮನೆ ಕೂಡಿಸಿಬಿಟ್ಟಿದ್ದಳು. ಈ ಸಲ ಆಕೆ ಹಾಳೆ ಅಡಗಿಸಲಿಲ್ಲ. ಅಂಗಡಿಗೆ ತಂದು, ಟೇಪು ಕೇಳಿ ಇಸಿದುಕೊಂಡು, ಎಲ್ಲಿ ತಪ್ಪಿದೆ ಎಂದು ತಾನೇ ಹುಡುಕಲು ಕೂತಳು.

ತಂದೆ ತಾಯಂದಿರೇ, ಭಿನ್ನರಾಶಿ ನಿಮ್ಮ ಮನೆಯಲ್ಲೇ ಇದೆ. ತಕ್ಕಡಿಯಲ್ಲಿ, ಟೇಪಿನಲ್ಲಿ, ಮಡಚಿದ ಸೀರೆಯಲ್ಲಿ ಇದೆ. ಮಗುವಿನ ಮುಂದೆ ಮೊದಲು ವಸ್ತು ಇಡಿ, ಅಂಕಿ ಆಮೇಲೆ ಬರಲಿ. ಪಾಲು ಸಮ ಇವೆಯೇ? ಒಟ್ಟು ಎಷ್ಟು ಪಾಲು? ಅದರಲ್ಲಿ ಎಷ್ಟು ತೆಗೆದುಕೊಂಡೆ? ಈ ಮೂರು ಪ್ರಶ್ನೆ ಕೇಳಲು ನೀವು ಓದಿರಬೇಕೆಂದೇನೂ ಇಲ್ಲ. ಮಗು ತಪ್ಪು ಹೇಳಿದರೆ ಹೊಡೆಯಬೇಡಿ, ಬೈಯಬೇಡಿ, “ಯಾಕೆ ಹಾಗೆ ಅಂದೆ?” ಎಂದು ಕೇಳಿ. ಟೀಚರ್ ಹತ್ತಿರ ಹೋಗಿ ಮಾತಾಡಿ. ಒಂದು ಪಾಠ ತಿಳಿಯಲಿಲ್ಲವೆಂದು ಮಗುವನ್ನು ಶಾಲೆ ಬಿಡಿಸಬೇಡಿ. ಇಂದೇ ಒಂದು ಕಾಗದದ ಪಟ್ಟಿ ಹರಿದು ಮಗುವಿನ ಕೈಗೆ ಕೊಡಿ. ನೀವೂ ಪಕ್ಕದಲ್ಲಿ ಕೂತುಕೊಳ್ಳಿ.