ಅಪ್ಪ ಬರೆಯದ ಪರದೆ

ನನ್ನ ಅಪ್ಪ ನಾಟಕಗಳಿಗೆ ಪರದೆ ಬರೆಯುವವನು. ಅರಮನೆ ಬೇಕೆಂದರೆ ಅರಮನೆ, ಕಾಡು ಬೇಕೆಂದರೆ ಕಾಡು, ಬಂದರು ಬೇಕೆಂದರೆ ಹಡಗುಗಳ ಸಮೇತ ಬಂದರು. ನಾವಿರುವುದು ಅವನ ಶೆಡ್ಡಿನ ಹಿಂಭಾಗದಲ್ಲಿ. ಶೆಡ್ಡಿಗೂ ನಮ್ಮ ಹಾಸಿಗೆಗಳಿಗೂ ನಡುವೆ ಗೋಡೆಯಿಲ್ಲ, ಒಣಗಲು ತೂಗುಹಾಕಿದ ಪರದೆಗಳೇ ಗೋಡೆ. ಹಾಗಾಗಿ ನಾನು ಬೆಳೆದದ್ದು ಒಂದು ವಾರ ಸಮುದ್ರದ ಪಕ್ಕ, ಇನ್ನೊಂದು ವಾರ ಸೆರೆಮನೆಯ ಪಕ್ಕ. ಬೆಳಿಗ್ಗೆ ಕಣ್ಣುಬಿಟ್ಟರೆ ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅಮ್ಮ ಇದನ್ನು ಸೋಮಾರಿತನ ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಯಾವ ದೊಡ್ಡ ತೀರ್ಮಾನವಿದ್ದರೂ ಅಪ್ಪ ಮೊದಲು ಅದರ ಪರದೆ ಬರೆಯುತ್ತಾನೆ. ಅದರ ಮುಂದೆ ಕುರ್ಚಿ ಹಾಕಿ, ತೀರ್ಮಾನ ಯಾರದ್ದೋ ಅವರನ್ನು ನಾಟಕದ ಪಾತ್ರಧಾರಿಯಂತೆ ಪರದೆಗೆ ಬೆನ್ನು ಮಾಡಿ ಒಂದು ಸಂಜೆ ಕೂರಿಸುತ್ತಾನೆ. ಪರದೆಗಳ ಅಂಚು ಹೊಲಿಯುವ ಅಮ್ಮನಿಗೆ ಒಮ್ಮೆ ಬೇರೆ ಊರಿನ ಬಟ್ಟೆ ಕಾರ್ಖಾನೆಯಿಂದ ಕರೆ ಬಂದಿತ್ತು. ಅಪ್ಪ ಆ ಊರಿನ ಬೀದಿ ಬರೆದ. ಅಮ್ಮ ಅದರ ಮುಂದೆ ಕೂತು ಚಹಾ ಕುಡಿದು, "ಇಲ್ಲಿ ಬಿಸಿಲೇ ಬರಲ್ಲ ಕಣ್ರೀ" ಎಂದು ಎದ್ದುಬಿಟ್ಟಳು. ಕೆಲಸಕ್ಕೆ ಹೋಗಲಿಲ್ಲ. ಬಿಸಿಲು ಬರೆಯದೆ ಬಿಟ್ಟವನು ಅಪ್ಪನೇ ಅಲ್ಲವೇ ಎಂದು ಆಗ ಯಾರೂ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ಶಾಲೆ ಮುಗಿಯಿತು. ಕಾಲೇಜಿನಲ್ಲಿ ಯಾವ ಪದವಿಗೆ ಸೇರುತ್ತೇನೆಂದು ತಿಂಗಳ ಕೊನೆಯೊಳಗೆ ಹೇಳಬೇಕಿತ್ತು. ಬೀದಿಗೆ ಬೀದಿಯೇ ನನ್ನ ಭವಿಷ್ಯದ ಮೇಲೆ ಮುಗಿಬಿತ್ತು. ಇಸ್ತ್ರಿ ಅಂಗಡಿಯವನು ಕಂಪ್ಯೂಟರ್ ತಗೋ ಎಂದ. ಔಷಧಿ ಅಂಗಡಿಯಾಕೆ ಡಾಕ್ಟರಾಗು, ನೀನೆಷ್ಟು ಕೆಟ್ಟದಾಗಿ ಬರೆದ್ರೂ ನಾನು ಓದ್ತೀನಿ ಎಂದಳು. ಕೈತುಂಬ ಸಂಬಳ ಬರುವುದನ್ನು ಓದು ಎನ್ನುವುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ರಾಗ. ತಾವು ಓದಲಾಗದ್ದನ್ನೆಲ್ಲ ನನ್ನ ತಲೆಗೆ ಕಟ್ಟಲು ಬರುವ ಇವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನನಗೆ ಸಂಬಳದ ಆಸೆ ಇರಲಿಲ್ಲ ಎಂದರೆ ಶುದ್ಧ ಸುಳ್ಳಾಗುತ್ತದೆ. ಮೊಳೆ ಹೊಡೆದರೆ ನಿಲ್ಲುವಂಥ ಒಂದು ಗೋಡೆ ನನಗೆ ಬೇಕಿತ್ತು.

ಅಪ್ಪ ಬರೆಯತೊಡಗಿದ. ಮೊದಲು ಆಸ್ಪತ್ರೆ. ಉದ್ದನೆಯ ಕಾರಿಡಾರು, ಈಗಷ್ಟೇ ಒರೆಸಿದ ನೆಲ, ನೆಲದ ಮೇಲೆ ಕಿಟಕಿಗಳ ಆಕಾರದಲ್ಲೇ ಬಿದ್ದ ಬೆಳಗಿನ ಬೆಳಕು. ಅದರ ಮುಂದೆ ಕೂತು ಕತ್ತು ತಿರುಗಿಸಿ ನೋಡಿದೆ. ಕಾರಿಡಾರಿನ ಆ ತುದಿಯಿಂದ ಯಾರೋ ನನ್ನನ್ನು ಮೆಲ್ಲಗೆ ಕರೆದಂತಾಯಿತು. ನಾನು ಎದ್ದು ಹೋಗುತ್ತಿದ್ದೆ, ಹಾಸಿಗೆಗಳ ಪಕ್ಕ ನಿಲ್ಲುತ್ತಿದ್ದೆ, ನನ್ನ ಕೈ ತಣ್ಣಗಿತ್ತು, ಆ ತಣ್ಣನೆ ಕೈಯನ್ನು ಎಲ್ಲರೂ ಬೇಡುತ್ತಿದ್ದರು. ಆ ಸಂಜೆಯೆಲ್ಲ ನಾನು ಡಾಕ್ಟರ್. ಮರುವಾರ ನ್ಯಾಯಾಲಯ ಬಂತು. ಎತ್ತರದ ಕಿಟಕಿಗಳು, ಧೂಳಿನ ಕಣಗಳೂ ಮರ್ಯಾದೆಯಿಂದ ನಿಧಾನವಾಗಿ ತೇಲುವ ಸಭಾಂಗಣ. ಆ ಸಂಜೆ ನಾನು ಬಾಯಿಬಿಟ್ಟರೆ ಸಾಕು, ನಿರಪರಾಧಿಗಳು ಸಾಲುಸಾಲಾಗಿ ಮನೆಗೆ ಹೋಗುತ್ತಿದ್ದರು.

"ಹೋದ ವಾರ ಡಾಕ್ಟರು, ಈ ವಾರ ವಕೀಲರು" ಎಂದಳು ಅಮ್ಮ. "ಪಾತ್ರೆ ತೊಳೆಯೋಕೆ ಓದಿದವರು ಯಾರಾದ್ರೂ ಇದ್ದೀರಾ?"

ತೊಂದರೆ ಏನೆಂದರೆ, ಅಪ್ಪನಿಗೆ ಚೆನ್ನಾಗಿಲ್ಲದ್ದನ್ನು ಬರೆಯಲು ಬರುವುದಿಲ್ಲ. ಅವನು ಬರೆದ ಸೆರೆಮನೆಯಲ್ಲೂ ಒಂದು ವಾರ ಇದ್ದು ಬರೋಣ ಅನ್ನಿಸುತ್ತದೆ. ಯಾವ ಕೆಲಸದ ಮುಂದೆ ಕೂತರೂ ನನಗೆ ಅದೇ ಬೇಕೆನ್ನಿಸಿ, ಪರದೆ ಇಳಿಸಿದ ಕೂಡಲೇ ಯಾವುದೂ ಬೇಡವಾಗುತ್ತಿತ್ತು. ಚಿತ್ರಕಲಾ ಕಾಲೇಜಿನದೊಂದು ಪರದೆಯನ್ನು ಮಾತ್ರ ಅವನು ಬರೆಯಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನಕ್ಕು, "ಅದಕ್ಕೆ ಪರದೆ ಯಾಕೆ ಚುಕ್ಕಿ? ನಾವು ಇರೋದೇ ಅದರೊಳಗೆ" ಎಂದ. ಚಿಕ್ಕಂದಿನಲ್ಲಿ ಅವನ ಆಕಾಶಗಳಿಗೆ ನಕ್ಷತ್ರ ಚುಕ್ಕಿ ಇಡುತ್ತಿದ್ದವಳು ನಾನು, ಹೆಸರು ಹಾಗೇ ನಿಂತಿತು. ಆ ನಗುವಿನಲ್ಲಿ ಅವನ ಆಸೆಯೆಲ್ಲ ಇತ್ತು. ಪರದೆ ಬರೆಯುವ ಏಣಿಯ ಮೇಲೆ ತನ್ನ ನಂತರ ನಿಲ್ಲುವವಳು ನಾನೇ ಎಂದು ಅವನು ಎಂದೋ ನಂಬಿಬಿಟ್ಟಿದ್ದ.

ಅದೇ ದಿನಗಳಲ್ಲಿ ಲೆಕ್ಕದ ಟೀಚರ್ ಬಸ್ಸಿನಲ್ಲಿ ಸಿಕ್ಕರು. ಸಂಖ್ಯಾಶಾಸ್ತ್ರದ ಪದವಿ ಓದು ಎಂದರು, ವಿಮೆ ಕಂಪನಿಗಳು ಕರೆದು ಒಳ್ಳೇ ಸಂಬಳ ಕೊಡುತ್ತವೆ ಎಂದರು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಆಮೇಲೆ ಅವರು ಇಳಿಯುವ ಅವಸರದಲ್ಲಿ ಇನ್ನೊಂದು ಮಾತು ಹೇಳಿದರು.

"ಇವತ್ತು ಈ ಬಸ್ಸಲ್ಲಿ ಯಾರು ಕೊಡೆ ಮರೆತು ಹೋಗ್ತಾರೆ ಅಂತ ಯಾರಿಗೂ ಹೇಳೋಕಾಗಲ್ಲ ಮಗು. ಆದ್ರೆ ಊರಿನ ಬಸ್ಸುಗಳಲ್ಲೆಲ್ಲ ವರ್ಷಕ್ಕೆ ಎಷ್ಟು ಕೊಡೆ ಉಳಿಯುತ್ತೆ ಅಂತ ಹೆಚ್ಚುಕಮ್ಮಿ ಹೇಳಬಹುದು."

ಅವರು ಇಳಿದುಹೋದರು. ನಾನು ಇಳಿಯಬೇಕಾದ ಜಾಗ ದಾಟಿಹೋಯಿತು. ಕಿಟಕಿಯಾಚೆ ಜನ ನಡೆಯುತ್ತಿದ್ದರು. ಒಬ್ಬೊಬ್ಬರೂ ತಮ್ಮಿಷ್ಟದಂತೆ ಮರೆಯುತ್ತ, ಎಡವುತ್ತ, ಸೀನುತ್ತ ಹೋಗುತ್ತಿದ್ದರು, ಆದರೂ ಎಲ್ಲರೂ ಸೇರಿ ಯಾವುದೋ ಒಂದು ಗೆರೆಯನ್ನು ತಮಗೇ ತಿಳಿಯದೆ ಎಳೆಯುತ್ತಿದ್ದರು. ಆ ಗೆರೆ ನನಗೆ ಕಂಡಂತಾಯಿತು, ಬಸ್ಸಿನ ಗಾಜಿನ ಮೇಲೆ ಮೆತ್ತಗೆ ಏರಿ ಮೆತ್ತಗೆ ಇಳಿಯುವ ಒಂದು ಗೆರೆ. ಎಷ್ಟು ಸಂತೋಷವಾಯಿತೆಂದರೆ ಪಕ್ಕದವರನ್ನು ಅಲುಗಿಸಿ ತೋರಿಸಬೇಕೆನ್ನಿಸಿತು. ಬಸ್ಸು ಡಿಪೋಗೆ ಹೋಗಿ ನಿಂತಾಗ ಕಂಡಕ್ಟರ್, "ಇನ್ನು ಮುಂದೆ ಊರಿಲ್ಲಮ್ಮಾ" ಎಂದ.

ಮನೆಗೆ ನಡೆದುಬಂದು, ಸಂಖ್ಯಾಶಾಸ್ತ್ರ ಓದುತ್ತೇನೆಂದು ಹೇಳಿದೆ. ಅಪ್ಪ ಏಣಿಯ ಮೇಲಿದ್ದ. ಇಳಿಯಲು ಅವನಿಗೆ ಈಗೀಗ ಕಷ್ಟ, ಪ್ರತಿ ಮೆಟ್ಟಿಲಿಗೂ ಮಂಡಿ ಹಿಡಿದುಕೊಂಡು ನಿಲ್ಲುತ್ತಾನೆ. ಕೆಳಗೆ ಬಂದವನ ಮುಖ ಬಾಡಿತ್ತು.

"ನನ್ನ ಮಂಡಿ ನೋಡಿ ತಾನೆ ಈ ಸಂಬಳದ ಯೋಚನೆ ಮಾಡ್ತಿರೋದು? ನನಗೋಸ್ಕರ ನಿನ್ನ ಬಣ್ಣ ಬಿಡಬೇಡ ಚುಕ್ಕಿ."

ಅಮ್ಮ ನನ್ನನ್ನು ಹೊಲಿಗೆ ಯಂತ್ರದ ಹತ್ತಿರ ಕರೆದಳು. "ಹೂಂ ಅಂದ್ಬಿಡು" ಎಂದು ಪಿಸುಗುಟ್ಟಿದಳು. "ಮಗಳು ತನಗೋಸ್ಕರ ಬಿಟ್ಳು ಅಂತ ಎರಡು ದಿನ ಅಳ್ತಾರೆ. ಆಮೇಲೆ ಸಿಕ್ಕಿದವರಿಗೆಲ್ಲ ಹೇಳ್ಕೊಂಡು ಹೆಮ್ಮೆಪಡ್ತಾರೆ. ಬಣ್ಣವೇ ಬೇಡ ಅಂದ್ರೆ ಮಾತ್ರ ತಡ್ಕೊಳ್ಳಲ್ಲ."

ಅಮ್ಮನ ಮಾತಿನಲ್ಲಿ ಹುರುಳಿತ್ತು. ಹೂಂ ಎಂದುಬಿಟ್ಟರೆ ಪದವಿಯೂ ಸಿಗುತ್ತಿತ್ತು, ತ್ಯಾಗ ಮಾಡಿದವಳೆಂಬ ಹೆಸರೂ ಸಿಗುತ್ತಿತ್ತು. ಆದರೂ ಹೂಂ ಎನ್ನಲಿಲ್ಲ, ಅಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ಅಪ್ಪ ನನ್ನ ಕೈಗೆ ಕುಂಚ ಕೊಟ್ಟು, "ಆ ಆಫೀಸು ಹೇಗಿರುತ್ತೋ ನನಗೆ ಗೊತ್ತಿಲ್ಲ. ನೀನೇ ಬರಿ" ಎಂದ.

ಪೇಟೆಯಲ್ಲಿ ಒಂದು ವಿಮೆ ಕಚೇರಿ ಇದೆ. ಹೋಗಿ ಕಿಟಕಿಯಿಂದ ಇಣುಕಿ ನೋಡಿ ಬಂದೆ. ಕಂಡದ್ದನ್ನು ಕಂಡ ಹಾಗೆ ಬರೆದೆ: ಬೂದು ಬಣ್ಣದ ಗೋಡೆ, ಒಂದು ಮೇಜು, ಕಂಪ್ಯೂಟರ್, ಟ್ಯೂಬ್‌ಲೈಟು, ಹೊರಗಿನದೇನೂ ಕಾಣದ ಕಿಟಕಿ. ಅಪ್ಪ ನೋಡಿ, "ಅಯ್ಯೋ, ಎಂಥ ಬಡಪಾಯಿ ರೂಮು" ಎಂದ. ಕಿಟಕಿಗೆ ಒಂದು ಮರವನ್ನಾದರೂ ಹಾಕುತ್ತೇನೆಂದು ಹೊರಟವನನ್ನು ತಡೆದು, ನಾನು ಕುರ್ಚಿ ಎಳೆದು ಕೂತೆ.

ಎದುರಿಗೆ ಶೆಡ್ಡಿನ ಬಾಗಿಲು ತೆರೆದಿತ್ತು. ಸಂಜೆಯ ಬಿಸಿಲಲ್ಲಿ ಬೀದಿ ಹೊಂಬಣ್ಣಕ್ಕೆ ತಿರುಗಿತ್ತು. ಹೋಗಿಬರುವವರಲ್ಲಿ ಕೆಲವರು ಒಳಗೆ ಕಣ್ಣು ಹಾಯಿಸುತ್ತಿದ್ದರು, ಕೆಲವರು ಇಲ್ಲ. ಗಾಳಿ ಬೀಸಿದಾಗ ನೋಡುವವರು ಕಡಿಮೆ. ಒಬ್ಬರು ನಿಂತು ನೋಡಿದರೆ ಹಿಂದಿನವರೂ ನಿಲ್ಲುತ್ತಿದ್ದರು. ಬಾಗಿಲಿನಷ್ಟಗಲದ ಬೀದಿ ನಿಧಾನವಾಗಿ ಉಸಿರಾಡುವಂತಿತ್ತು, ನಾನು ಆ ಉಸಿರಿನ ಜೊತೆಗೇ ಏರಿ ಇಳಿಯುತ್ತ ಎಲ್ಲೋ ತೇಲಿಹೋಗಿದ್ದೆ. ಅಮ್ಮ ಇಟ್ಟ ಚಹಾ ಆರಿ ಕೆನೆಕಟ್ಟಿತ್ತು.

"ಚುಕ್ಕಿ" ಎಂದ ಅಪ್ಪ. ಅವನು ಎಷ್ಟು ಹೊತ್ತಿನಿಂದ ನನ್ನನ್ನೇ ನೋಡುತ್ತ ನಿಂತಿದ್ದನೋ. "ನಾನು ಬರೆದ ಪರದೆಗಳ ಮುಂದೆ ಕೂತಾಗ ಗಳಿಗೆಗೊಂದು ಸಲ ಹಿಂದೆ ತಿರುಗಿ ನೋಡ್ತಿದ್ದೆ. ಇವತ್ತು ಒಂದು ಸಲಾನೂ ತಿರುಗಲಿಲ್ಲ."

ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಅಪ್ಪಾ, ನಿನ್ನ ಮಂಡಿಗೋಸ್ಕರ ಅಲ್ಲ ಇದು. ಸಂಬಳ ಬರುತ್ತೆ, ಅದೂ ಬೇಕು ನನಗೆ. ಆದ್ರೆ ಬರದಿದ್ರೂ ಇದೇ ಇಷ್ಟ. ಬಣ್ಣ ಇಷ್ಟ ಇಲ್ಲ."

ಹೊಲಿಗೆ ಯಂತ್ರ ನಿಂತುಹೋಯಿತು.

"ಯಾವಾಗಿಂದ?"

"ಯಾವತ್ತೂ ಇರ್ಲಿಲ್ಲ."

"ಮತ್ತೆ ಆ ನಕ್ಷತ್ರ ಎಲ್ಲಾ? ದಿನಾ ಶಾಲೆಯಿಂದ ಓಡಿ ಬಂದು ಏಣಿ ಹತ್ತುತ್ತಿದ್ದೆಯಲ್ಲೇ?"

"ನಿನ್ನ ಪಕ್ಕ ನಿಲ್ಲೋಕೆ ಬರ್ತಿದ್ದೆ ಅಪ್ಪ" ಎಂದೆ.

ಅಪ್ಪ ಕೈಯಲ್ಲಿದ್ದ ಚಿಂದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. ಅವನ ಕಣ್ಣು ತುಂಬಿದ್ದು ನನಗೆ ಕಂಡಿತು, ಅವನು ಅದನ್ನು ಮರೆಮಾಚಲೂ ಇಲ್ಲ. ಆಡಿದ ಮಾತನ್ನು ವಾಪಸ್ಸು ತಗೊಳ್ಳಲೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ತಗೊಳ್ಳಲಿಲ್ಲ.

ಅವನು ನನ್ನ ಬೂದು ಪರದೆಯ ಹತ್ತಿರ ಹೋದ. ಮೇಜಿನ ಎಡಬದಿಯಲ್ಲಿ ಉಳಿದಿದ್ದ ಖಾಲಿ ಜಾಗವನ್ನು ಅಂಗೈಯಿಂದ ಮೆಲ್ಲಗೆ ಸವರಿದ. ಕಿಟಕಿಗೆ ಹಾಕಬೇಕೆಂದಿದ್ದ ಮರವನ್ನು ಅಲ್ಲಿ ಹಾಕುತ್ತಾನೆಂದುಕೊಂಡೆ. ಹಾಕಲಿಲ್ಲ.

"ಇಂಥ ಆಫೀಸಲ್ಲಿ" ಎಂದ, ನನ್ನ ಕಡೆ ತಿರುಗದೆ, "ಕೆಲಸ ಇಲ್ಲದವರು ಬಂದು ಪಕ್ಕದಲ್ಲಿ ಸುಮ್ಮನೆ ನಿಲ್ಲಬಹುದಾ?"