ಹೊನ್ನೆಯ ತೊಟ್ಟಿಲು

ಮಗಳು ಯೋಗಿತಾ ದೇವಣಿಯ ತವರಿನಲ್ಲಿ ಹೆಣ್ಣು ಹಡೆದಳು. ತೊಟ್ಟಿಲು ತಾನೇ ಮಾಡಿಸುವುದು, ಅದೂ ಹೊನ್ನೆ ಮರದ್ದು ಎಂದು ತಾಯಿ ರಂಭಾಬಾಯಿ ಪಟ್ಟು ಹಿಡಿದಳು. ನಿಲಂಗಾದಿಂದ ಯೋಗಿತಾಳ ಅತ್ತೆ ಚಂದ್ರಭಾಗಾ ಫೋನು ಮಾಡಿ, ಬೀಗತಿಯನ್ನು ಮರಾಠಿಯಲ್ಲೇ ಕರೆದಳು.

"ವಿಹೀಣಬಾಯಿ, ನಮ್ಮ ಮನಿ ಕೂಸುಗೋಳು ಬಿಬಳಾ ತೊಟ್ಟಿಲದಾಗೇ ಬೆಳದಾವ. ನಿಮ್ಮ ಹೊನ್ನಿ ಯಾರಿಗಿ ಬೇಕ್ರೀ?"

"ನಿಮ್ಮ ಬಿಬಳಾ ಹೆಸರೇ ಕೇಳಿಲ್ಲ ನಾ!" ಎಂದು ರಂಭಾಬಾಯಿ ಫೋನು ಇಟ್ಟೇಬಿಟ್ಟಳು. ಮರುದಿನ ಬೆಳಗಿನ ಬಸ್ಸಿಗೇ ಉದಗೀರಕ್ಕೆ ಹೊರಟಳು.

ಕಟ್ಟಿಗೆ ಅಡ್ಡೆಯ ವಿರೂಪಾಕ್ಷ ಸಾಗವಾನಿ ತೋರಿಸಿದ, ಜಾಲಿ ತೋರಿಸಿದ. ಅವಳು ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಹಿತ್ತಲ ಗೋಡೆಗೆ ಒರಗಿಸಿದ್ದ ದಪ್ಪ ಹಲಗೆಯತ್ತ ಕೈಮಾಡಿದ. ಹೊನ್ನೆ ಅದೊಂದೇ ಉಳಿದಿತ್ತು. ರಂಭಾಬಾಯಿ ಖುಷಿಯಿಂದ ಹಲಗೆ ಹಿಡಿದಳು. ಆಚೆ ಬದಿಯಿಂದ ಇನ್ನೊಂದು ಕೈ ಹಿಡಿದಿತ್ತು.

"ಬೀಗತೆವ್ವಾ! ನೀವಿಲ್ಲಿ?"

"ಬಿಬಳಾ ಒಯ್ಯಲಾಕ ಬಂದೀನಿ. ಕೈ ಬಿಡ್ರಿ," ಎಂದಳು ಚಂದ್ರಭಾಗಾ.

"ಇದು ಹೊನ್ನಿ!"

ವಿರೂಪಾಕ್ಷ ನಕ್ಕ. "ಅಕ್ಕೋರೇ, ಮರ ಒಂದೇ ರೀ. ಕನ್ನಡದಾಗ ಹೊನ್ನಿ, ಮರಾಠಿದಾಗ ಬಿಬಳಾ."

ಇಬ್ಬರೂ ನಂಬಲಿಲ್ಲ. ರಂಭಾಬಾಯಿಗೆ ಅಪ್ಪ ಮದ್ದಿಗೆಂದು ಹೊನ್ನೆ ಚಕ್ಕೆ ನೀರಿನಲ್ಲಿ ನೆನೆಹಾಕುತ್ತಿದ್ದುದು ನೆನಪಾಯಿತು. "ಖರೇ ಹೊನ್ನಿ ಇದ್ರ ನೀರಿಗಿ ನೀಲಿ ಝಳಕ ಬರ್ತದ," ಎಂದಳು.

"ಬಿಬಳಾದೂ ಹಂಗೇ ಬರ್ತದ!"

ಹಲಗೆಯ ಅಂಚಿನ ಚಕ್ಕೆ ಗಾಜಿನ ಲೋಟದ ನೀರಿಗೆ ಬಿತ್ತು. ಇಬ್ಬರೂ ಬೆಂಚಿನ ಎರಡು ತುದಿಗೆ ಮುಖ ತಿರುಗಿಸಿ ಕುಳಿತರು. ಚಾ ಬಂತು. ಚಾ ಮುಗಿದು ಎಷ್ಟೋ ಹೊತ್ತಿಗೆ ನೀರು ಕಂದಾಯಿತು. ಬಿಸಿಲಿಗೆ ಎತ್ತಿ ಹಿಡಿದರೆ ಅಂಚಿನಲ್ಲಿ ನವಿಲುಗರಿಯಂಥ ನೀಲಿ.

ಮೊದಲು ನಕ್ಕವಳು ಚಂದ್ರಭಾಗಾ. ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಂಭಾಬಾಯಿಗೆ ಒಂದು ಗಳಿಗೆ ನಾಚಿಕೆ, ಮರುಗಳಿಗೆ ಅವಳಿಗೂ ತಡೆಯಲಾಗಲಿಲ್ಲ.

"ಕೂಸಿನ ಮಾರಿ ಇನ್ನಾ ನೋಡಿಲ್ಲ ನಾ. ಜಗಳದಾಗೇ ದಿನ ಹೋದುವು," ಎಂದಳು ಚಂದ್ರಭಾಗಾ.

"ಹಂಗಾರ ನಡೀರಿ ದೇವಣಿಗಿ! ಕಟ್ಟಿಗಿ ನಂದು, ಹಗ್ಗ, ಗೊಂಬಿ ನಿಮ್ಮವು."

ಹಲಗೆ ಟೆಂಪೋ ಏರಿತು. ಡ್ರೈವರನ ಪಕ್ಕದ ಒಂದೇ ಸೀಟಿನಲ್ಲಿ ಇಬ್ಬರೂ ಒತ್ತಿ ಕುಳಿತರು. ಮಧ್ಯಾಹ್ನ ಮನೆ ಮುಟ್ಟಿದೊಡನೆ ಚಂದ್ರಭಾಗಾ ಕೈಕಾಲು ತೊಳೆದು ಮೊಮ್ಮಗಳನ್ನು ಎತ್ತಿಕೊಂಡಳು. ಸಂಜೆ ಹೊರಡುತ್ತೇನೆಂದಿದ್ದವಳು ಬಡಿಗ ತೊಟ್ಟಿಲು ಮುಗಿಸುವವರೆಗೂ ದೇವಣಿಯಲ್ಲೇ ಉಳಿದಳು.