ಸೋಯಾ ಅಜ್ಜಿಯ ಮನೆಗೆ ಮೂರನೇ ಸಲ

ಹಿಮುರೋ ಮನೆತನದವರಿಗೆ ಗೊತ್ತಿದ್ದುದು ಎರಡೇ ಕೆಲಸ: ಚುನಾವಣೆಗೆ ನಿಲ್ಲುವುದು, ಇಲ್ಲವೇ ನಿಂತವರ ಹಿಂದೆ ನಡುಬಾಗಿಸುತ್ತಾ ತಿರುಗುವುದು. ತಾತ ಮಂತ್ರಿ, ಅಪ್ಪ ಸಂಸದ, ಈಗ ಅಣ್ಣ ಮಸಾಕುನಿ ಸಂಸದ. ಮನೆಮಗಳು ಚಿಸಾ ಒಬ್ಬಳೇ ಹಠ ಹಿಡಿದು ಟೋಕಿಯೋದ ಬ್ಯಾಂಕು ಸೇರಿದಳು. ಕಂಪನಿಗಳನ್ನು ಮಾರಿಸುವುದು, ಕೊಳ್ಳಿಸುವುದು ಅವಳ ಕಸುಬು. "ಮದುವೆ ದಲ್ಲಾಳಿ ಕೆಲಸ ಅದು, ಒಂದು ಓಟೂ ಬರಲ್ಲ" ಎಂದು ಅಪ್ಪ ಮೂಗು ಮುರಿದರೇನಂತೆ, ಅವಳು ಕೈಹಾಕಿದ ವ್ಯವಹಾರ ಈವರೆಗೆ ಮುರಿದುಬಿದ್ದದ್ದಿಲ್ಲ.

ಈಗ ಮುರಿಯುವಂತಿತ್ತು. ಅದೂ ಹುಟ್ಟಿದೂರಿನಲ್ಲಿ!

ಮಕ್ಕಳಿಲ್ಲದ ಉಬುಕಾತಾ ಶಿನೋ ಅಜ್ಜಿ ತಮ್ಮ ಸೋಯಾ ಸಾಸ್ ಕಾರ್ಖಾನೆ ಮಾರುವವರಿದ್ದರು. ಚಿಸಾ ಕರೆತಂದ ಒಸಾಕಾದ ಕಂಪನಿ ಸೋಯಾ ಹುದುಗಿಸುವ ಮರದ ಹಳೇ ಪೀಪಾಯಿಗಳನ್ನೂ ಕೆಲಸದವರನ್ನೂ ಉಳಿಸಿಕೊಳ್ಳುವುದಾಗಿ ಹೇಳಿತ್ತು. ಇನ್ನೊಂದು ಬ್ಯಾಂಕಿನವನ ಗಿರಾಕಿಗೆ ಬೇಕಾಗಿದ್ದುದು ಕಡಲಂಚಿನ ಜಾಗ ಮಾತ್ರ. ಎಲ್ಲ ಒಡೆದು ಹೋಟೆಲು ಕಟ್ಟುತ್ತಾನಂತೆ. ನಾಳೆಯೊಳಗೆ ಅಜ್ಜಿ ಒಬ್ಬರಿಗೆ ಹೂಂ ಅನ್ನಬೇಕು. ಚಿಸಾ ಆ ಪೀಪಾಯಿಗಳ ಘಮದಲ್ಲೇ ಬೆಳೆದವಳು.

ಎರಡು ಸಲ ಹೋಗಿಬಂದಾಗಿತ್ತು. ಚಹಾ, ಮೂಲಂಗಿ ಉಪ್ಪಿನಕಾಯಿ, ನಗು, ಎಲ್ಲ ಆಯಿತು. ಉತ್ತರ ಮಾತ್ರ ಇಲ್ಲ. ಅಣ್ಣನಿಗೆ ಫೋನು ಮಾಡಿದಳು.

"ಹೆದರಬೇಡ ಮಾರಾಯ್ತಿ. ಅಜ್ಜಿ ನನ್ನ ಚುನಾವಣೆಗೆ ದುಡಿಯೋ ಮಹಿಳಾ ಬಳಗದ ಅಧ್ಯಕ್ಷೆ ಕಣೇ, ನಮ್ಮನ್ನ ಬಿಟ್ಟು ಎಲ್ಲಿ ಹೋಗ್ತಾರೆ? ಕ್ಷೇಮ ವಿಚಾರಿಸು, ಸಾಕು."

ಮೂರನೇ ಸಲ ಹೋದಳು. ಅಜ್ಜಿ ಚಹಾ ಬಗ್ಗಿಸಿದರು.

"ಮೊಣಕಾಲು ನೋವು ಹೇಗಿದೆ ಅಜ್ಜಿ?"

"ಇದೆ."

"ಈ ಸಲ ಚಳಿ ಬೇಗ ಬಂತಲ್ವಾ?"

"ಬಂತು."

"ಬೆಕ್ಕು ಕಾಣ್ತಿಲ್ಲ?"

ಅಜ್ಜಿ ಕೆಟಲನ್ನು ಟಪ್ಪೆಂದು ಕುಕ್ಕಿದರು. "ನೋಡೇ ಹುಡುಗಿ, ನೀನು ಬ್ಯಾಂಕಿನವಳೋ, ಬೆಕ್ಕಿನ ಡಾಕ್ಟರೋ? ಮೂರು ಸಲ ಬಂದೆ. ಕಾರ್ಖಾನೆ ನಮಗೆ ಕೊಡ್ತೀರಾ ಅಂತ ಬಾಯಿಬಿಟ್ಟು ಒಂದ್ಸಲ ಕೇಳಿದ್ಯಾ? ಆ ಹೋಟೆಲಿನವನು ಹೊಸ್ತಿಲು ದಾಟೋ ಮೊದಲೇ ಕೇಳಿದ!"

ಚಿಸಾ ಬೆಪ್ಪಾದಳು. ಹೌದಲ್ಲ! ಜಪಾನಿನಲ್ಲಿ ಮನೆಮನೆಗೆ ಹೋಗಿ ಓಟು ಕೇಳುವುದಕ್ಕೆ ಕಾನೂನಿನ ಅಡ್ಡಿ. ಹಾಗಾಗಿ ಹಿಮುರೋ ಮನೆಯ ಮಕ್ಕಳು ಮಾತು ಕಲಿಯುವಾಗಲೇ ಒಂದು ಪಾಠ ಕಲಿಯುತ್ತಿದ್ದರು: ಊರಿನವರ ಮನೆಗೆ ಹೋದರೆ ಕೂತುಕೋ, ಕುಡಿ, ನಗು, ಏನನ್ನೂ ಕೇಳಬೇಡ. ಟೋಕಿಯೋದಲ್ಲಿ ಕಂಪನಿಯ ದೊಡ್ಡವರ ಮುಖಕ್ಕೇ ಬೆಲೆ ಹೇಳುತ್ತಿದ್ದವಳು ಈ ಊರಿನ ಚಾಪೆಯ ಮೇಲೆ ಕೂತೊಡನೆ ಅಪ್ಪನ ಮಗಳಾಗಿಬಿಟ್ಟಿದ್ದಳು. ನಾಚಿಕೆಯಿಂದ ಕಿವಿ ಕೆಂಪಾಯಿತು. ಬಟ್ಟಲು ಕೆಳಗಿಟ್ಟು ನೆಟ್ಟಗೆ ಕೂತಳು.

"ಅಜ್ಜಿ, ಕಾರ್ಖಾನೆ ನಮಗೇ ಕೊಡಿ. ಪೀಪಾಯಿ ಒಡೆದರೆ ನನ್ನ ಕೈಲಿ ನೋಡಕ್ಕಾಗಲ್ಲ."

"ತಗೋ," ಎಂದರು ಅಜ್ಜಿ. "ಇಷ್ಟಕ್ಕೆ ಮೂರು ಸಲ ಚಹಾ ಕಾಯಿಸಿದ್ನಲ್ಲೇ."

ಚಿಸಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಜ್ಜಿಯ ಕೈ ಹಿಡಿದು ಹಣೆಗೊತ್ತಿಕೊಂಡಳು.

"ನಿಮ್ಮಣ್ಣನೂ ಹೀಗೇ," ಅಜ್ಜಿ ಅವಳ ಬಟ್ಟಲಿಗೆ ಮತ್ತೆ ಚಹಾ ತುಂಬಿದರು. "ಬರ್ತಾನೆ, ಮೊಣಕಾಲು ವಿಚಾರಿಸ್ತಾನೆ, ಹೋಗ್ತಾನೆ. ಓಟು ಕೊಡಿ ಅಂತ ಒಂದು ದಿನಾನೂ ಬಾಯಿಬಿಟ್ಟಿಲ್ಲ."

"ಆದ್ರೂ ನೀವು ಅವನಿಗೇ ತಾನೇ ಅಜ್ಜಿ ಕೊಡೋದು?"

"ಕೇಳದವನಿಗೆ ಹೇಗೆ ಕೊಡ್ಲಿ?" ಎಂದರು ಮಹಿಳಾ ಬಳಗದ ಅಧ್ಯಕ್ಷೆ.